ಹಾಂಗ್‌ಕಾಂಗ್‌ನಲ್ಲಿ ಒಂದೇ ದಿನ: ಪೀಕ್ ಸಂಜೆಗಿಡಬೇಡಿ

ವಯಸ್ಸಾದ ಅಪ್ಪ-ಅಮ್ಮನ ಜೊತೆ ಒಂದೇ ದಿನ ಇರೋದು, ಊರಿನ ನೋಟ ಕಾಣೋ ವಿಕ್ಟೋರಿಯಾ ಪೀಕ್ ಬೆಟ್ಟಕ್ಕೆ ಸಂಜೆ ಹೋಗಬಹುದಾ ಅಂತ ಕೇಳಿದ್ದೀರಿ. ಬೇಡ, ಬೆಳಿಗ್ಗೆಯೇ ಮುಗಿಸಿ. ಸೂರ್ಯಾಸ್ತದ ಹೊತ್ತಿಗೆ ಬೆಟ್ಟ ಹತ್ತೋ ಪೀಕ್ ಟ್ರಾಮ್ ರೈಲಿಗೆ ಉದ್ದ ಕ್ಯೂ ಇರುತ್ತೆ, ಹಿರಿಯರು ನಿಂತೇ ಸುಸ್ತಾಗ್ತಾರೆ. ಹತ್ತುವಾಗ ಬಲಗಡೆ ಕೂತ್ಕೊಳ್ಳಿ, ನೋಟ ಆ ಕಡೆಗೇ. ಇಳಿಯೋಕೆ 15ನೇ ನಂಬರ್ ಬಸ್ ಕೆಳಗಿನ ಸೆಂಟ್ರಲ್ ಪ್ರದೇಶಕ್ಕೆ ಬರುತ್ತೆ. ಬೆಟ್ಟಕ್ಕೆ ಮೋಡ ಕವಿದಿದ್ರೆ ಮಾತ್ರ ಹೋಗಲೇಬೇಡಿ, ಬರೀ ಬಿಳಿ ಮಂಜು.

ಮೊದಲು ಪ್ರಯಾಣದ ದುಡ್ಡು ಕಟ್ಟೋ ಆಕ್ಟೋಪಸ್ ಕಾರ್ಡ್ ತಗೊಳ್ಳಿ. ಬಸ್ಸಲ್ಲಿ ಚಿಲ್ಲರೆ ವಾಪಸ್ ಕೊಡಲ್ಲ. ರಸ್ತೆ ಟ್ರಾಮಿಗೆ ಹಿಂದಿನಿಂದ ಹತ್ತಿ, ಮುಂದೆ ಇಳಿಯುವಾಗ ಕಾರ್ಡ್ ತಾಗಿಸಿ.

ಸಂಜೆ 7ಕ್ಕೆ ಸೆಂಟ್ರಲ್‌ನ 7ನೇ ಪಿಯರ್‌ನಿಂದ (ಹಡಗುಕಟ್ಟೆ) ಬಂದರು ದಾಟಿಸೋ ಸ್ಟಾರ್ ಫೆರ್ರಿ ಹತ್ತಿ, ಮೇಲಿನ ಡೆಕ್‌ಗೆ ಹೋಗಿ. ಮರದ ಸೀಟಿನ ಒರಗು ಹಿಂದೆ-ಮುಂದೆ ಮಗುಚುತ್ತೆ, ಹೋಗೋ ದಿಕ್ಕಿಗೆ ತಿರುಗಿಸಿ ಕೂರಿಸಿ. ಆಚೆ ದಡದ ಚಿಮ್ ಶಾ ಚುಯ್‌ನಲ್ಲಿ (Tsim Sha Tsui) 8ಕ್ಕೆ ಬೆಳಕಿನ ಪ್ರದರ್ಶನ. ಗಡಿಯಾರ ಗೋಪುರದ ಹತ್ತಿರ 20 ನಿಮಿಷ ಮೊದಲೇ ಜಾಗ ಹಿಡೀರಿ.