ಗಾಳ ಹಾಕುವವರ ಪ್ರಶ್ನೋತ್ತರ: ಕೆರೆಯಲ್ಲಿ ನಿಂತ ಲ್ಯೂರ್ ಅಳಿವೆಯಲ್ಲಿ ತೇಲಿದ್ದೇಕೆ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಲ್ಯೂರ್ (ಮೀನನ್ನು ಸೆಳೆಯುವ ಕೃತಕ ಎರೆ) ಮೇಲಿನ ದೂರುಗಳೇ. ಲ್ಯೂರ್ ಬದಲಾಯಿಸುವ ಮೊದಲು ನೀರು, ದಾರ ಮತ್ತು ಗಾಳದ ಮೊನೆ ಈ ಮೂರನ್ನೂ ಒಮ್ಮೆ ವಿಚಾರಿಸಿಕೊಳ್ಳಿ ಎಂಬುದೇ ನಮ್ಮ ಉತ್ತರಗಳ ಧಾಟಿ.

ಪ್ರಶ್ನೆ: ನನ್ನ ಹತ್ತು ಗ್ರಾಂ ಸಸ್ಪೆಂಡಿಂಗ್ ಮಿನ್ನೋ (ನೀರಿನ ನಡುವೆ ನಿಲ್ಲುವ, ಸಣ್ಣ ಮೀನಿನಾಕಾರದ ಲ್ಯೂರ್) ಕೆರೆಯಲ್ಲಿ ಎಳೆತ ನಿಲ್ಲಿಸಿದ ಆಳದಲ್ಲೇ ನಿಲ್ಲುತ್ತದೆ. ಅಳಿವೆಯಲ್ಲಿ ಮಾತ್ರ ಮೇಲಕ್ಕೆ ಏರಿಬಿಡುತ್ತದೆ. ಲ್ಯೂರ್ ಹಾಳಾಗಿದೆಯೇ?

ಲ್ಯೂರ್ ಸರಿಯಾಗಿಯೇ ಇದೆ, ನೀರು ಬೇರೆ. ಸಿಹಿನೀರಿನ ಒಂದು ಲೀಟರ್ ಸುಮಾರು 1,000 ಗ್ರಾಂ ತೂಗಿದರೆ ಸಮುದ್ರದ ನೀರು ಸುಮಾರು 1,025 ಗ್ರಾಂ ತೂಗುತ್ತದೆ. ಸಿಹಿನೀರಿನಲ್ಲಿ ತೇಲದೆ, ಮುಳುಗದೆ ನಿಲ್ಲುವ ಹತ್ತು ಗ್ರಾಂ ಲ್ಯೂರನ್ನು ಉಪ್ಪುನೀರು ಹೆಚ್ಚುವರಿಯಾಗಿ ಕಾಲು ಗ್ರಾಂನಷ್ಟು ಬಲದಿಂದ ಮೇಲಕ್ಕೆ ಒತ್ತುತ್ತದೆ. ಕಾಲು ಗ್ರಾಂ ಏನು ಮಹಾ ಅನ್ನಿಸಬಹುದು, ಆದರೆ ನಿಂತ ಲ್ಯೂರನ್ನು ಮೇಲೇರಿಸಲು ಅಷ್ಟೇ ಸಾಕು.

ಪರಿಹಾರ ಸುಲಭ. ತೆಳುವಾದ ಸೀಸದ ತಂತಿಯನ್ನು ಕಾಲು ಗ್ರಾಂಗಿಂತ ತುಸು ಹೆಚ್ಚೇ ಕತ್ತರಿಸಿಕೊಂಡು (ನೀರಿನೊಳಗೆ ಸೀಸವೂ ಸ್ವಲ್ಪ ತೂಕ ಕಳೆದುಕೊಳ್ಳುತ್ತದೆ) ಹೊಟ್ಟೆಯ ಕೆಳಗಿನ ಮುಮ್ಮೊನೆ ಗಾಳದ ಕಾಂಡಕ್ಕೆ ಬಿಗಿಯಾಗಿ ಸುತ್ತಿ. ಬಾಲದ ಗಾಳಕ್ಕೆ ಸುತ್ತಿದರೆ ಲ್ಯೂರ್ ಬಾಲ ಕೆಳಗೆ ಮಾಡಿ ನಿಲ್ಲುತ್ತದೆ, ಎಳೆದಾಗಿನ ಓಲಾಟವೂ ಸತ್ತುಹೋಗುತ್ತದೆ. ಒಂದು ನಂಬರ್ ದಪ್ಪದ ಗಾಳ ಹಾಕಿಯೂ ತೂಕ ಕೂಡಿಸಬಹುದು, ಆದರೆ ಮುಂದಿನ ಗಾಳ ಮತ್ತು ಹಿಂದಿನ ಗಾಳ ಒಂದಕ್ಕೊಂದು ಸಿಕ್ಕಿಕೊಳ್ಳದಷ್ಟು ಅಂತರ ಉಳಿದಿದೆಯೇ ನೋಡಿಕೊಳ್ಳಿ. ತೂಕ ಹೊಂದಿಸುವುದನ್ನು ಮನೆಯ ಬಕೆಟ್‌ನಲ್ಲಿ ಮಾಡಬೇಡಿ. ಗಾಳ ಹಾಕುವ ಜಾಗದ ನೀರಿನಲ್ಲೇ, ಕಾಲ ಬುಡದಲ್ಲಿ ಬಿಟ್ಟು ನೋಡಿ ಮಾಡಿ.

ಇನ್ನೊಂದು ಸಂಗತಿ. ಅಳಿವೆಯಲ್ಲಿ ನೀರು ಮೇಲಿಂದ ಕೆಳಗಿನವರೆಗೆ ಒಂದೇ ತೆರನಾಗಿ ಇರುವುದಿಲ್ಲ. ಮಳೆಯ ನಂತರ ಹಗುರವಾದ ಸಿಹಿನೀರು ಮೇಲೆ ಹರಿಯುತ್ತದೆ, ಭಾರದ ಉಪ್ಪುನೀರು ತಳದಲ್ಲಿ ಆಪಿನಂತೆ ಒಳಕ್ಕೆ ತೂರಿರುತ್ತದೆ. ಆಗ ಮೇಲಿನ ಪದರದಲ್ಲಿ ಮೆಲ್ಲಗೆ ಮುಳುಗಿದ ಲ್ಯೂರ್ ಎರಡು ನೀರು ಸೇರುವ ಗಡಿಗೆ ಬಂದು ನಿಂತುಬಿಡಬಹುದು. ಉಪ್ಪುನೀರಿನ ಮೀನುಗಳು ಇರುವುದು ಬಹುಪಾಲು ಆ ಗಡಿಯ ಕೆಳಗೆ. ಹೊಳೆ ಕೆಂಪಾಗಿ ಹರಿಯುವ ದಿನಗಳಲ್ಲಿ ಮಿನ್ನೋ ಬಿಟ್ಟು 10ರಿಂದ 14 ಗ್ರಾಂ ಜಿಗ್‌ಹೆಡ್ (ತಲೆಗೆ ಸೀಸ ಕೂರಿಸಿದ ಗಾಳ) ಹಾಕಿ ತಳ ಮುಟ್ಟಿಸಿ, ಇಲ್ಲವೇ ಅಳಿವೆಯ ಬಾಯಿಯ ಕಡೆಗೆ ಸರಿಯಿರಿ.

ಪ್ರಶ್ನೆ: ಕ್ರ್ಯಾಂಕ್‌ಬೇಟ್ (ಎಳೆದಾಗ ಓಲಾಡುತ್ತಾ ಮುಳುಗುವ ದುಂಡು ಲ್ಯೂರ್) ನೇರವಾಗಿ ಬರದೆ ಯಾವಾಗಲೂ ಎಡಕ್ಕೆ ವಾಲುತ್ತದೆ.

ದಾರ ಕಟ್ಟುವ ಕೊಂಡಿ ಬಾಗಿದೆ. ಲ್ಯೂರಿನ ಮೂತಿ ನಿಮ್ಮತ್ತ ಇರುವಂತೆ ಹಿಡಿದು, ಅದು ನಿಮ್ಮ ಎಡಕ್ಕೆ ಓಡುತ್ತಿದ್ದರೆ ಕೊಂಡಿಯನ್ನು ನಿಮ್ಮ ಬಲಕ್ಕೆ ಕೂದಲೆಳೆಯಷ್ಟು ಬಾಗಿಸಿ, ಎಸೆದು ನೋಡಿ. ಇಕ್ಕಳದಿಂದ ಕೊಂಡಿಯನ್ನು ತಿರುಚಬಾರದು. ಬುಡ ಸಡಿಲವಾದರೆ ಲ್ಯೂರಿನ ಒಳಗೆ ನೀರು ಇಳಿಯುತ್ತದೆ.

ಪ್ರಶ್ನೆ: ಬ್ರೇಡ್ (ಎಳೆಗಳನ್ನು ಹೆಣೆದ) ದಾರಕ್ಕೆ ಬದಲಾದ ಮೇಲೆ ಎಸೆತದ ಮಧ್ಯೆ ದಾರ ಉಂಡೆಯಾಗಿ ಗಂಟು ಬೀಳುತ್ತದೆ. ಗಾಳಿಯ ದಿನ ಅಂತೂ ಕೇಳುವುದೇ ಬೇಡ. ದಾರ ಕಳಪೆಯೇ?

ಗಾಳಿಯನ್ನು ಬೈದು ಪ್ರಯೋಜನವಿಲ್ಲ. ಈ ಗಂಟಿನ ಬೀಜ ಅದಕ್ಕೂ ಹಿಂದಿನ ಎಸೆತದಲ್ಲೇ ಬಿದ್ದಿರುತ್ತದೆ. ಸಡಿಲವಾಗಿ ಸುತ್ತಿಕೊಂಡ ಒಂದು ಸುರುಳಿ ಸ್ಪೂಲ್ (ರೀಲಿನಲ್ಲಿ ದಾರ ಸುತ್ತುವ ಉರುಳೆ) ಮೇಲೆ ಕುಳಿತಿರುತ್ತದೆ. ಮುಂದಿನ ಎಸೆತದಲ್ಲಿ ಅದರ ಮೇಲಿನ ಸುತ್ತುಗಳು ಓಡುವಾಗ ಅದನ್ನೂ ಹೊತ್ತುಕೊಂಡು ಹೋಗುತ್ತವೆ. ಹಾಗಾದರೆ ಸಡಿಲ ಸುರುಳಿ ಬರುವುದು ಎಲ್ಲಿಂದ?

ಮುಖ್ಯವಾಗಿ ಬೇಲ್ (ದಾರವನ್ನು ಸ್ಪೂಲಿಗೆ ಸುತ್ತಿಸುವ ತಂತಿಯ ಕಮಾನು) ಮುಚ್ಚುವ ರೀತಿಯಿಂದ. ಲ್ಯೂರ್ ನೀರಿಗೆ ಬಿದ್ದ ಕೂಡಲೇ ಹಿಡಿ ತಿರುಗಿಸಿ ಬೇಲ್ ಮುಚ್ಚಿದರೆ ಹೊರಗೆ ಜೋಲಾಡುತ್ತಿರುವ ದಾರ ಹಾಗೆಯೇ ಒಳಗೆ ಸುತ್ತಿಕೊಳ್ಳುತ್ತದೆ. ಲ್ಯೂರ್ ನೀರು ಮುಟ್ಟುವ ಮುನ್ನ ತೋರುಬೆರಳಿನಿಂದ ಸ್ಪೂಲ್ ಅಂಚನ್ನು ಮೆಲ್ಲಗೆ ತಡೆಯಿರಿ, ಬೇಲನ್ನು ಕೈಯಿಂದಲೇ ಮುಚ್ಚಿ, ದಾರವನ್ನು ಒಮ್ಮೆ ಜಗ್ಗಿ ಬಿಗಿ ಮಾಡಿ, ಆಮೇಲೆ ಸುತ್ತಿ. ಇದೊಂದು ಅಭ್ಯಾಸದಿಂದಲೇ ಹೆಚ್ಚಿನ ಗಂಟು ನಿಲ್ಲುತ್ತದೆ. ನೀರಮೇಲಿನ ಪಾಪರ್, ಸ್ಟಿಕ್‌ಬೇಟ್ ಲ್ಯೂರ್ ಆಡಿಸುವವರು ಪ್ರತಿ ಜಗ್ಗಿಗೂ ದಾರ ಸಡಿಲ ಬಿಡುವುದರಿಂದ ಅವರಿಗೆ ಈ ಕಾಟ ಜಾಸ್ತಿ. ನಾಲ್ಕೈದು ಎಸೆತಕ್ಕೊಮ್ಮೆ ದಾರವನ್ನು ಎರಡು ಬೆರಳ ನಡುವೆ ಹಿಡಿದು ಬಿಗಿಯಾಗಿ ಸುತ್ತಿಕೊಳ್ಳಬೇಕು.

ಎರಡನೆಯದು ಸ್ಪೂಲ್ ತುಂಬಿಸಿದ ಮಟ್ಟ. ಬ್ರೇಡ್ ಅಂಚಿನಿಂದ 2ರಿಂದ 3 ಮಿ.ಮೀ. ಕೆಳಗೇ ನಿಲ್ಲಬೇಕು. ಅಂಚಿನವರೆಗೆ ತುಂಬಿದರೆ ದೂರ ಹೋಗುತ್ತದೆ ಎಂಬ ಆಸೆ ಬೇಡ. ಹೊಸ ದಾರ ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಸುತ್ತಿ. ಬುಡದಲ್ಲಿ ಹತ್ತು ಸುತ್ತು ನೈಲಾನ್ ಇರಲಿ. ಬರೀ ಲೋಹದ ಸ್ಪೂಲ್ ಮೇಲೆ ಬ್ರೇಡ್ ಹಿಡಿತವಿಲ್ಲದೆ ಇಡಿಯಾಗಿ ಜಾರುತ್ತದೆ. ‘ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ತಡೆದು ಬಿಡುವ ರೀಲಿನ ಬಿಗಿ) ಎಷ್ಟು ಬಿಗಿ ಮಾಡಿದರೂ ಮೀನು ದಾರ ಎಳೆದುಕೊಂಡು ಹೋಗುತ್ತದೆ’ ಎನ್ನುವವರ ರೀಲಿನಲ್ಲಿ ಎಷ್ಟೋ ಸಲ ಆಗಿರುವುದು ಇದೇ.

ಗಂಟು ಬಿದ್ದೇಬಿಟ್ಟರೆ ಎಳೆಯಬೇಡಿ. ಎಳೆದ ಕ್ಷಣವೇ ಅದು ಕಲ್ಲಾಗುತ್ತದೆ. ಗಾಳದ ಮೊನೆಯಿಂದ ಸಿಕ್ಕಿನ ಕುಣಿಕೆಗಳನ್ನು ಒಂದೊಂದಾಗಿ ಹೊರಕ್ಕೆ ಅಗಲಿಸುತ್ತಾ ಹೋದರೆ ಬಹುತೇಕ ಬಿಚ್ಚಿಕೊಳ್ಳುತ್ತದೆ.

ಪ್ರಶ್ನೆ: ದಾರ 20 ಪೌಂಡಿನದು. ಮೀನು ಎರಡು ಕಿಲೋ ಕೂಡ ಇದ್ದಿರಲಾರದು. ಆದರೂ ಕಡಿದುಕೊಂಡು ಹೋಯಿತು. ಹೇಗೆ?

ಡಬ್ಬಿಯ ಮೇಲಿನ 20 ಪೌಂಡ್ ಗಂಟಿಲ್ಲದ ದಾರದ ಲೆಕ್ಕ. ನಿಮ್ಮ ಪತ್ರದಲ್ಲಿ ಲೀಡರ್ (ದಾರದ ತುದಿಗೂ ಗಾಳಕ್ಕೂ ನಡುವೆ ಕಟ್ಟುವ ತುಂಡು ದಾರ) 12 ಪೌಂಡ್ ಎಂದಿದೆ, ಅಂದರೆ ಸುಮಾರು 5.4 ಕಿಲೋ. ಇಡೀ ವ್ಯವಸ್ಥೆಯ ಬಲ ಅಷ್ಟೇ, ಗಂಟು ಕೆಟ್ಟದಾಗಿದ್ದರೆ ಅದರ ಅರ್ಧ. ಡ್ರ್ಯಾಗನ್ನು ದುರ್ಬಲ ಭಾಗದ ಕಾಲು ಪಾಲಿನಿಂದ ಮೂರನೇ ಒಂದು ಪಾಲಿಗೆ ಇಡಿ: ಇಲ್ಲಿ 1.4ರಿಂದ 1.8 ಕಿಲೋ. ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ, ರಾಡ್ ಬಾಗಿಸಿಯೇ ಅಳೆಯಬೇಕು. ದಾರ ಸಾಕಷ್ಟು ಹೊರಹೋಗಿ ಸ್ಪೂಲಿನ ಮೇಲಿನ ಸುತ್ತಿನ ವ್ಯಾಸ ಅರ್ಧಕ್ಕಿಳಿದರೆ, ನೀವು ಮುಟ್ಟದಿದ್ದರೂ ಡ್ರ್ಯಾಗಿನ ಬಿಗಿ ಸುಮಾರು ಎರಡರಷ್ಟಾಗುತ್ತದೆ. ದೂರ ಓಡಿದ ಮೀನು ಕೊನೆಯ ಓಟದಲ್ಲಿ ಕಡಿಯುವುದು ಅದಕ್ಕೇ. ಆಗ ಡ್ರ್ಯಾಗ್ ಸಡಿಲಿಸಬೇಕೇ ಹೊರತು ಹೆದರಿ ಬಿಗಿಗೊಳಿಸಬಾರದು.

ತುಂಡಾದ ತುದಿಯನ್ನೂ ನೋಡಿ. ಹಂದಿಬಾಲದಂತೆ ಸುರುಳಿಗಟ್ಟಿದ್ದರೆ ಗಂಟು ಜಾರಿದೆ. ಬ್ರೇಡಿಗೆ ಸಾಮಾನ್ಯ ಕ್ಲಿಂಚ್ ಗಂಟು ಸಲ್ಲದು, ಪಾಲೊಮರ್ ಅಥವಾ ಯೂನಿ ಹಾಕಿ, ಬಿಗಿಯುವ ಮುನ್ನ ಎಂಜಲಿನಿಂದ ಒದ್ದೆ ಮಾಡಿ. ತುದಿ ತರಿತರಿಯಾಗಿದ್ದರೆ ಬಂಡೆಗೋ ಚಿಪ್ಪಿಗೋ ಉಜ್ಜಿದೆ. ಕಾಂಡ್ಲಾ ಬೇರು, ಸೇತುವೆ ಕಂಬಗಳ ಬಳಿ 25-30 ಪೌಂಡಿನ ಲೀಡರ್ ಕನಿಷ್ಠ ಎಪ್ಪತ್ತು ಸೆಂ.ಮೀ. ಬೇಕೇ ಬೇಕು.

ಪ್ರಶ್ನೆ: ಸಿಗಡಿ ಎರೆ ಹಾಕಿದಾಗ ಮೀನು ಕಚ್ಚುವುದು ಕೈಗೆ ಗೊತ್ತಾಗುತ್ತದೆ, ಹೊಡೆದರೆ (ಗಾಳ ನಾಟಲೆಂದು ರಾಡನ್ನು ಥಟ್ಟನೆ ಜಗ್ಗಿದರೆ) ಬರಿಗಾಳ ಬರುತ್ತದೆ. ಈಗ ಸರ್ಕಲ್ ಗಾಳ ತಂದಿದ್ದೇನೆ, ಅದರಲ್ಲಿ ಇನ್ನೂ ಕಡೆ.

ಸರ್ಕಲ್ ಗಾಳದಲ್ಲಿ ಹೊಡೆಯುವುದೇ ತಪ್ಪು. ಮೊನೆ ಒಳಕ್ಕೆ ತಿರುಗಿರುವ ಈ ಗಾಳ, ಮೀನು ಎರೆ ಕಚ್ಚಿಕೊಂಡು ತಿರುಗಿ ಹೊರಟಾಗ ಬಾಯಿಯ ಮೂಲೆಗೆ ಜಾರಿ ತಾನೇ ನಾಟಿಕೊಳ್ಳುತ್ತದೆ. ನೀವು ಜಗ್ಗಿದರೆ ತಿರುಗುವ ಮೊದಲೇ ಬಾಯಿಂದ ಹೊರಬರುತ್ತದೆ. ದಾರ ಬಿಗಿಯಾಗುವವರೆಗೆ ರಾಡ್ ತುದಿ ತಗ್ಗಿಸಿಯೇ ಇಟ್ಟು, ಭಾರ ಸಿಕ್ಕಿದ ಮೇಲೆ ನಿಧಾನವಾಗಿ ಸುತ್ತುತ್ತಾ ಎತ್ತಿ. ಮೊನೆ ಮತ್ತು ಗಾಳದ ಬಾಗು ಎರಡೂ ಎರೆಯಿಂದ ಹೊರಗೆ ಖಾಲಿ ಇರಬೇಕು. ಸಿಗಡಿಯನ್ನು ಗಾಳದ ತುಂಬ ಪೋಣಿಸಿ ಮುಚ್ಚಿದರೆ ಸರ್ಕಲ್ ಗಾಳ ಕೆಲಸ ಮಾಡಲು ಜಾಗವೇ ಇರುವುದಿಲ್ಲ. ದಿಟ್ಟವಾಗಿ ಹೊಡೆಯುವುದೇ ರೂಢಿಯಾಗಿರುವವರು ಮೊನೆ ನೇರವಾಗಿರುವ ಮಾಮೂಲಿ ಜೆ ಗಾಳದಲ್ಲೇ ಉಳಿದರೂ ನಷ್ಟವಿಲ್ಲ, ಆದರೆ ಮೀನನ್ನು ಮರಳಿ ಬಿಡುವ ಮನಸ್ಸಿದ್ದರೆ ಸರ್ಕಲ್ ಕಲಿಯುವುದು ಒಳ್ಳೆಯದು; ಗಂಟಲಲ್ಲಿ ಸಿಕ್ಕುವುದು ತೀರ ಕಡಿಮೆ.

ಸತ್ತ ಸಿಗಡಿಗೆ ಜೆ ಗಾಳ ಹಾಕುವ ಕ್ರಮ ಹೀಗೆ: ಬಾಲದ ಬೀಸಣಿಗೆಯನ್ನು ಚಿವುಟಿ ತೆಗೆಯಿರಿ. ಅದು ಇದ್ದರೆ ಎಳೆಯುವಾಗ ಎರೆ ಗಿರಗಿರನೆ ತಿರುಗಿ ಲೀಡರ್ ಹುರಿಗಟ್ಟುತ್ತದೆ. ಬಾಲದ ಕಡೆಯಿಂದ ಮೊನೆ ಹಾಯಿಸಿ, ಮೈಯ ಬಾಗಿಗೆ ಗಾಳದ ಬಾಗು ಹೊಂದುವಂತೆ ನೂಕಿ, ಹೊಟ್ಟೆಯ ಕಡೆ ಮೊನೆ ಹೊರತೆಗೆಯಿರಿ. ಜೀವಂತ ಸಿಗಡಿಯಾದರೆ ಬಾಲದ ಕೊನೆಯ ಗೆಣ್ಣಿನ ಹಿಂದಿನ ಗೆಣ್ಣಿಗೆ ಒಂದೇ ಚುಚ್ಚು. ತಲೆಗೆ ಹಾಕುವುದಾದರೆ ಕೊಂಬಿನ ಬುಡದಲ್ಲಿ ಕಾಣುವ ಕಪ್ಪು ಚುಕ್ಕೆಗಿಂತ ಮುಂದೆ ಚುಚ್ಚಬೇಕು; ಆ ಚುಕ್ಕೆಗೆ ತಗುಲಿದರೆ ಸಿಗಡಿ ಅಲ್ಲೇ ಸಾಯುತ್ತದೆ.

ಇಷ್ಟಾದರೂ ಎರೆ ಮಾತ್ರ ಮಾಯವಾಗುತ್ತಿದ್ದರೆ ಸೀಸ ಭಾರವಾಗಿದೆ, ಅಥವಾ ಗಾಳ ದೊಡ್ಡದು. ದಾರದ ಮೇಲೆ ಓಡಾಡುವ ಸೀಸ, ಅದರ ಕೆಳಗೆ ಸ್ವಿವೆಲ್ (ತಿರುಗುವ ಕೊಂಡಿ), ಆಮೇಲೆ 40ರಿಂದ 60 ಸೆಂ.ಮೀ. ಲೀಡರ್: ಮೀನು ಎರೆ ಒಯ್ಯುವಾಗ ಸೀಸದ ಭಾರ ಅದಕ್ಕೆ ತಾಗದಂತೆ ಈ ಜೋಡಣೆ. ಸೆಳೆತದಲ್ಲಿ ತಳ ಬಿಡದಷ್ಟೇ ಸೀಸ ಇರಲಿ, ಒಂದು ಗುಂಡೂ ಹೆಚ್ಚು ಬೇಡ.

ಪ್ರಶ್ನೆ: ಯಾವ ಬಣ್ಣದ ಲ್ಯೂರ್ ಕೊಳ್ಳಬೇಕು?

ತಿಳಿನೀರಿಗೆ ಪಾರದರ್ಶಕ ಅಥವಾ ಬೆಳ್ಳಿ, ಕಲಕಿದ ನೀರಿಗೆ ಎದ್ದು ಕಾಣುವ ಹಳದಿ-ಹಸಿರು, ಇರುಳಿಗೆ ಕಪ್ಪು. ಮೂರು ಸಾಕು. ಆ ಹಣದಲ್ಲಿ ಬೇರೆ ಬೇರೆ ಆಳಕ್ಕೆ ಇಳಿಯುವ ಲ್ಯೂರ್ ಕೊಂಡರೆ ಹೆಚ್ಚು ಮೀನು.

ಪ್ರಶ್ನೆ: ಅಳಿವೆಯಲ್ಲಿ ಉಬ್ಬರದ ಯಾವ ಹೊತ್ತು ಒಳ್ಳೆಯದು?

ನೀರಿನ ಮಟ್ಟಕ್ಕಿಂತ ನೀರಿನ ಓಟ ಮುಖ್ಯ. ದಿನಕ್ಕೆ ಎರಡು ಉಬ್ಬರವಿರುವ ಕಡೆ ಏರುವುದಕ್ಕೆ ಸುಮಾರು ಆರು ತಾಸು, ಇಳಿಯುವುದಕ್ಕೆ ಆರು ತಾಸು. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಒಂದೊಂದು ತಾಸಿಗೆ ಕ್ರಮವಾಗಿ 1, 2, 3, 3, 2, 1 ಪಾಲು ಎಂಬುದು ಹಡಗಿನವರ ಅಂದಾಜು. ಅಂದರೆ ನಡುವಿನ ಎರಡೇ ತಾಸಿನಲ್ಲಿ ಅರ್ಧ ನೀರು ಸರಿಯುತ್ತದೆ. ಆ ಹೊತ್ತು ಸೆಳೆತ ಜೋರು, ಹಗುರ ಜಿಗ್‌ಹೆಡ್ ನಿಲ್ಲುವುದಿಲ್ಲ. ಮೀನೂ ಕಂಬ, ಬಂಡೆಗಳ ಮರೆ ಹಿಡಿಯುತ್ತದೆ. ಇಳಿತದ ಕೊನೆಯ ಎರಡು ತಾಸು ಸಣ್ಣ ಕಾಲುವೆಗಳು ಮುಖ್ಯ ಹೊಳೆಗೆ ಬರಿದಾಗುವ ಬಾಯಲ್ಲಿ ನಿಲ್ಲಿ. ಅಡಗಲು ಜಾಗವಿಲ್ಲದೆ ಮರಿಮೀನು, ಸಿಗಡಿಗಳು ಅಲ್ಲಿಂದಲೇ ಹೊರಬರಬೇಕು, ದೊಡ್ಡವು ಅಲ್ಲೇ ಕಾದಿರುತ್ತವೆ. ಎಸೆತ ಸೆಳೆತಕ್ಕೆ ಎದುರಾಗಿ, ಲ್ಯೂರ್ ಬರುವುದು ಸೆಳೆತದ ಜೊತೆ.

ಬಂದರಿನ ಕೋಷ್ಟಕದ ಸಮಯವನ್ನೇ ನಂಬಿ ಹೊಳೆಯ ಮೇಲ್ಭಾಗಕ್ಕೆ ಹೋಗಬೇಡಿ. ಒಳಕ್ಕೆ ಹೋದಷ್ಟೂ ಉಬ್ಬರ ತಡವಾಗಿ ಮುಟ್ಟುತ್ತದೆ. ಒಂದು ಕೋಲು ನೆಟ್ಟು ನೋಡಿಕೊಂಡರೆ ನಿಮ್ಮ ಜಾಗದ ವ್ಯತ್ಯಾಸ ತಿಳಿಯುತ್ತದೆ. ಮರುದಿನ ಅದೇ ಘಟ್ಟ ಸುಮಾರು 50 ನಿಮಿಷ ತಡವಾಗಿ ಬರುತ್ತದೆ.

ಪ್ರಶ್ನೆ: ಮುರೆಲ್ ಮೀನು ರಬ್ಬರ್ ಕಪ್ಪೆಯ ಮೇಲೆ ಎರಗುತ್ತದೆ, ಸಿಕ್ಕುವುದಿಲ್ಲ.

ಸದ್ದು ಕೇಳಿ ಹೊಡೆಯುತ್ತಿದ್ದೀರಿ. ಸದ್ದಾದ ಮೇಲೆ ‘ಒಂದು, ಎರಡು’ ಎನ್ನುವಷ್ಟು ತಡೆದು, ದಾರಕ್ಕೆ ಭಾರ ಬಿದ್ದಾಗ ಬಲವಾಗಿ ಹೊಡೆಯಿರಿ. ಜೊಂಡಿನ ನಡುವೆ ಗಟ್ಟಿ ರಾಡ್, 40-50 ಪೌಂಡಿನ ಬ್ರೇಡ್ ಬೇಕು. ಹಿಗ್ಗುವ ನೈಲಾನಿನಲ್ಲಿ ಹೊಡೆತ ಮೊನೆಯವರೆಗೆ ತಲುಪುವುದೇ ಇಲ್ಲ. ಕಪ್ಪೆಯೊಳಗೆ ಸೇರಿದ ನೀರನ್ನು ಆಗಾಗ ಹಿಂಡಿ ತೆಗೆಯಿರಿ. ಹೊಸ ಕಪ್ಪೆಯ ಬೆನ್ನು ಗಟ್ಟಿಯಿದ್ದು ಒತ್ತಿದರೂ ಗಾಳ ಹೊರಗೆ ಬರದಿದ್ದರೆ ಎರಡು ಮೊನೆಗಳನ್ನೂ ಇಕ್ಕಳದಿಂದ ಅರ್ಧ ಕೂದಲೆಳೆ ಮೇಲಕ್ಕೆ ಎತ್ತಿ. ಮರಿಗಳ ಗುಂಪು ಕಾಯುತ್ತಿರುವ ಜೋಡಿಯ ಮೇಲೆ ಮಾತ್ರ ಎಸೆಯಬೇಡಿ. ಅವು ಹಸಿವಿನಿಂದಲ್ಲ, ಸಿಟ್ಟಿನಿಂದ ಎರಗುತ್ತವೆ. ತಾಯ್ತಂದೆ ಹೋದರೆ ಮರಿಗಳನ್ನು ಬೇರೆ ಮೀನುಗಳು ಮುಗಿಸುತ್ತವೆ.

ಪ್ರಶ್ನೆ: ಗಾಳ ಬಿಡಿಸುವಾಗ ಮೀಸೆಮೀನಿನ ಮುಳ್ಳು ಚುಚ್ಚಿ ಕೈ ಉರಿಯಿತು. ಏನು ಮಾಡಬೇಕಿತ್ತು?

ಬೆನ್ನಿನಲ್ಲಿ ಒಂದು, ಎದೆಯ ಎರಡು ಬದಿಗೆ ಒಂದೊಂದು, ಹೀಗೆ ಮೂರು ಗರಗಸದ ಮುಳ್ಳು. ಹಲವು ಜಾತಿಗಳಲ್ಲಿ ಅದರ ಮೇಲಿನ ಚರ್ಮದಲ್ಲಿ ವಿಷವಿರುತ್ತದೆ, ಅದು ಬಿಸಿಗೆ ಶಕ್ತಿ ಕಳೆದುಕೊಳ್ಳುತ್ತದೆ. ಗಾಯ ತೊಳೆದು, 45 ಡಿಗ್ರಿ ಸೆಲ್ಸಿಯಸ್ ಮೀರದ ಬಿಸಿನೀರಿನಲ್ಲಿ 30ರಿಂದ 90 ನಿಮಿಷ ಮುಳುಗಿಸಿ. ಬಿಸಿಯನ್ನು ನೋವಿಲ್ಲದ ಕೈಯಿಂದ ನೋಡಿಕೊಳ್ಳಿ; ನೋವಿನ ಕೈಗೆ ಸುಟ್ಟರೂ ತಿಳಿಯದು. ಕೊಯ್ಯುವುದು, ಬಾಯಿಂದ ಹೀರುವುದು, ಕಟ್ಟು ಬಿಗಿಯುವುದು ಬೇಡ. ಮುಳ್ಳಿನ ಚೂರು ಒಳಗೆ ಉಳಿದಿದ್ದರೆ ಅಥವಾ ಟಿಟಿ ಚುಚ್ಚುಮದ್ದು ಹಳೆಯದಾಗಿದ್ದರೆ ವೈದ್ಯರಲ್ಲಿಗೆ ಹೋಗಿ. ಅಳಿವೆಯ ಬೆಚ್ಚಗಿನ ನೀರಿನಲ್ಲಿ ವಿಬ್ರಿಯೋ ಎಂಬ ಬ್ಯಾಕ್ಟೀರಿಯಾ ಇರುತ್ತದೆ: ಕೆಂಪು ಹರಡುತ್ತಾ ಹೋದರೆ, ಬೊಬ್ಬೆ ಅಥವಾ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಯಕೃತ್ತಿನ ಕಾಯಿಲೆ, ಸಕ್ಕರೆ ಕಾಯಿಲೆ ಇರುವವರಿಗೆ ಇದು ಪ್ರಾಣಕ್ಕೇ ಬರಬಹುದು. ಮುಂದೆ ಅಂಥ ಮೀನನ್ನು ಕೈಯಲ್ಲಿ ಹಿಡಿಯದೆ, ಉದ್ದ ಮೂತಿಯ ಇಕ್ಕಳದಿಂದ ಗಾಳದ ಕಾಂಡ ಹಿಡಿದು ತಲೆಕೆಳಗು ತಿರುಗಿಸಿ. ಮೀನು ತನ್ನ ಭಾರಕ್ಕೆ ಕಳಚಿಕೊಳ್ಳುತ್ತದೆ.

ಪ್ರಶ್ನೆ: ಅಳಿವೆಯಿಂದ ಬಂದ ಮೇಲೆ ರೀಲನ್ನು ಬಕೆಟ್‌ನಲ್ಲಿ ಮುಳುಗಿಸಿ ತೊಳೆಯಬಹುದೇ?

ಬೇಡ, ಉಪ್ಪು ಒಳಕ್ಕೆ ಇಳಿಯುತ್ತದೆ. ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರನ್ನು ಮೇಲಿಂದ ಮೆಲ್ಲಗೆ ಸುರಿದು, ಒರೆಸಿ ನೆರಳಲ್ಲಿ ಒಣಗಿಸಿ. ಆಮೇಲೆ ಡ್ರ್ಯಾಗ್ ಪೂರ್ತಿ ಸಡಿಲಿಸಿ, ದಾರ ಹಾಯುವ ರೋಲರಿಗೆ ಒಂದು ಹನಿ ಎಣ್ಣೆ ಬಿಡಿ. ಡ್ರ್ಯಾಗಿನ ಬಿಲ್ಲೆಗಳಿಗೆ ಎಣ್ಣೆ ತಾಗಬಾರದು.