ಮಣ್ಣಿನ ಕಣಗಳ ಮೇಲ್ಮೈ ವಿಸ್ತೀರ್ಣ ಅಳೆಯುವುದು ಹೇಗೆ?

ಮಡಿಕೇರಿಯ ತೋಟದ ಒಂದು ಗ್ರಾಂ ಕೆಂಪು ಮಣ್ಣಿನ ಕಣಗಳ ಮೈಯೆಲ್ಲ ಹಾಸಿದರೆ ಎಷ್ಟು ಜಾಗ ಆದೀತು ಅಂತ ಕೇಳಿದ್ದೀರಿ. ಟೇಪು ಹಿಡಿದು ಆಗುವ ಕೆಲಸವಲ್ಲ. ಅನಿಲದ ಅಣುವೇ ಇಲ್ಲಿ ಅಳತೆಗೋಲು. ನಿರ್ವಾತದಲ್ಲಿ ತೇವ ತೆಗೆದ ಮಣ್ಣನ್ನು ಮೈನಸ್ 196 ಡಿಗ್ರಿಗೆ ತಣಿಸಿ ನೈಟ್ರೋಜನ್ ಬಿಡುತ್ತಾರೆ; ಅದರ ಅಣುಗಳು ಕಣಗಳ ಮೈಗೆ ಅಂಟಿಕೊಳ್ಳುತ್ತವೆ. ಒಂದೇ ಪದರ ಕೂರಲು ಬೇಕಾದ ಅಣುಗಳನ್ನು 1938ರ ಬಿಇಟಿ (ಬ್ರುನಾವರ್, ಎಮ್ಮೆಟ್, ಟೆಲ್ಲರ್ ಎಂಬ ಮೂವರ ಹೆಸರಿನ) ಸಮೀಕರಣದಿಂದ ಲೆಕ್ಕಹಾಕಿ, ಒಂದು ಅಣು ಹಿಡಿಯುವ ಜಾಗವಾದ 0.162 ಚದರ ನ್ಯಾನೋಮೀಟರ್‌ನಿಂದ ಗುಣಿಸಿದರಾಯಿತು.

ತೊಡಕಿರುವುದು ಎರೆಮಣ್ಣಿನಲ್ಲಿ. ಅದರಲ್ಲಿರುವ ಸ್ಮೆಕ್ಟೈಟ್ ಎಂಬ ಊದಿಕೊಳ್ಳುವ ಜೇಡಿ ಖನಿಜದ ಪದರಗಳ ನಡುವೆ ನೈಟ್ರೋಜನ್ ನುಗ್ಗುವುದಿಲ್ಲ, ಹಾಗಾಗಿ ವಿಸ್ತೀರ್ಣ ತೀರಾ ಕಡಿಮೆ ಬರುತ್ತದೆ. ಅಲ್ಲಿ ಪದರಗಳ ನಡುವೆಯೂ ನುಗ್ಗುವ ಇಜಿಎಂಇ (ಎಥಿಲೀನ್ ಗ್ಲೈಕಾಲ್ ಮಾನೋಎಥಿಲ್ ಈಥರ್) ಎಂಬ ದ್ರವ ಬಳಸಿ, ತೂಕ ಸ್ಥಿರವಾಗುವವರೆಗೆ ಕಾದು ತೂಗುತ್ತಾರೆ: ಮಣ್ಣಿಗೆ ಅಂಟಿದ ದ್ರವ 0.000286 ಗ್ರಾಂ ಇದ್ದರೆ ಒಂದು ಚದರ ಮೀಟರ್ ಎಂದು ಲೆಕ್ಕ. ನಮ್ಮ ಕೆಂಪು ಮಣ್ಣಿನ ಜೇಡಿಯಲ್ಲಿ ಕೆಯೊಲಿನೈಟ್ ಎಂಬ ಖನಿಜವೇ ಹೆಚ್ಚು. ಅದು ಒಳಗೆ ಊದಿಕೊಳ್ಳುವ ಜಾತಿಯಲ್ಲ, ನೈಟ್ರೋಜನ್ ಸಾಕು. ಮೇಲ್ಮಣ್ಣಾದರೆ ಮಾತ್ರ ಹುಷಾರು, ಕೊಳೆತ ತರಗೆಲೆಯ ಸಾವಯವ ಅಂಶ ಕಣಗಳ ರಂಧ್ರ ಮುಚ್ಚಿರುತ್ತದೆ.