ನೀವೇ ಕಂಡದ್ದನ್ನು ನೀವೇಕೆ ನಂಬಲಿಲ್ಲ?

ಪ್ರಿಯ ಬರಹಗಾರರೇ,

ಟೆಕ್ಸಾಸಿನ ಗನ್ ಷೋಗಳಲ್ಲಿ ಅಡ್ಡಾಡಿ ಬರೆದ ನಿಮ್ಮ 'ಕರಿ ರಿವಾಲ್ವರ್, ಬಿಳಿ ರಿವಾಲ್ವರ್' ಲೇಖನ ತಲುಪಿದೆ. ಭಾಷೆ ಸಲೀಸಾಗಿದೆ, ಓದಿಸಿಕೊಂಡು ಹೋಗುತ್ತದೆ. ಹಳೆಯ ಕೋವಿಗಳ ಸಂಗ್ರಹದ ಬಗ್ಗೆ ಕನ್ನಡದಲ್ಲಿ ಬರೆಯುವವರೂ ಅಪರೂಪ. ಮಾರಾಟಗಾರರ ಮಾತು, ಚೌಕಾಸಿ ಎಲ್ಲ ಇದ್ದ ಹಾಗೇ ಇರಲಿ. ನನಗೆ ಸಿಟ್ಟು ಬಂದದ್ದು ಮೂರನೇ ಪುಟ ಓದಿ. ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

"ಅಯಸ್ಕಾಂತ ಅಂಟಿದರೆ ಬ್ಲೂಯಿಂಗ್ ಮಾಡಿದ ಮಾಮೂಲಿ ಉಕ್ಕು, ಅಂಟದಿದ್ದರೆ ಸ್ಟೇನ್‌ಲೆಸ್" ಎಂದಿದ್ದೀರಿ. ಬ್ಲೂಯಿಂಗ್ ಎಂದರೆ ಉಕ್ಕಿನ ಮೈಗೆ ಕರಿನೀಲಿ ಬಣ್ಣ ಬರಿಸುವ ಕೆಲಸ. ನೀವು ಹೇಳಿದ್ದು ಅಡುಗೆಮನೆಯಲ್ಲಿ ಕಲಿತ ಪರೀಕ್ಷೆ. ಒಳ್ಳೆಯ ಪಾತ್ರೆಗಳ 304 ದರ್ಜೆಯ ಸ್ಟೀಲಿಗೆ ಅಯಸ್ಕಾಂತ ಹಿಡಿಯುವುದಿಲ್ಲ, ನಿಜ. ಆದರೆ ನಳಿಕೆಗೆ, ಸಿಲಿಂಡರಿಗೆ ಬಳಸುವುದು ಹೆಚ್ಚಾಗಿ 410, 416ರಂಥ ದರ್ಜೆಗಳನ್ನು. ಅವು ಕಾಯಿಸಿ ಗಡಸು ಮಾಡಬಲ್ಲ ಸ್ಟೇನ್‌ಲೆಸ್. ಅಯಸ್ಕಾಂತ ಅವಕ್ಕೆ ಗಟ್ಟಿಯಾಗಿಯೇ ಅಂಟುತ್ತದೆ. ನಿಮ್ಮನ್ನು ನಂಬಿದ ಓದುಗನೊಬ್ಬ ಅಪ್ಪಟ ಸ್ಟೇನ್‌ಲೆಸ್ ರಿವಾಲ್ವರನ್ನೇ ಕೈಯಲ್ಲಿ ಹಿಡಿದು "ಇದು ನಕಲಿ" ಎಂದು ವಾಪಸ್ ಇಟ್ಟು ಬರುತ್ತಾನೆ. ಈ ಸಾಲನ್ನು ನೀವು ಪರೀಕ್ಷಿಸಿ ಬರೆದಿಲ್ಲ. ಎಲ್ಲೋ ಕೇಳಿದ್ದನ್ನು ಹಾಗೇ ಇಳಿಸಿದ್ದೀರಿ.

ಇದಕ್ಕಿಂತ ಹೆಚ್ಚು ನೋವಾದದ್ದು ಮುಂದಿನ ಸಾಲಿಗೆ. "1880ರ ದಶಕದ ಆ ಸ್ಮಿತ್ ಅಂಡ್ ವೆಸನ್ ಸ್ಟೇನ್‌ಲೆಸ್ ಉಕ್ಕಿನದಾದ್ದರಿಂದ ಇಂದಿಗೂ ಬೆಳ್ಳಿಯಂತೆ ಹೊಳೆಯುತ್ತಿತ್ತು." ಇಂಗ್ಲೆಂಡಿನ ಶೆಫೀಲ್ಡಿನ ಲೋಹತಜ್ಞ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ತಯಾರಿಸಿದ್ದು 1913ರಲ್ಲಿ. ಅದೂ ಬಂದೂಕಿನ ನಳಿಕೆಯ ಒಳಮೈ ಸವೆಯುವುದಕ್ಕೆ ಪರಿಹಾರ ಹುಡುಕುತ್ತಿದ್ದಾಗ. ಅಷ್ಟಾದರೂ ಪೂರ್ತಿ ಸ್ಟೇನ್‌ಲೆಸ್ ರಿವಾಲ್ವರ್ ಮಾರುಕಟ್ಟೆಗೆ ಬರಲು ಅರ್ಧ ಶತಮಾನ ಹಿಡಿಯಿತು: ಸ್ಮಿತ್ ಅಂಡ್ ವೆಸನ್ ಕಂಪನಿಯದೇ ಮಾಡೆಲ್ 60, 1965ರಲ್ಲಿ. ಕೋಲ್ಟ್ ಕಂಪನಿಯ ಪೈಥಾನ್ ರಿವಾಲ್ವರ್ 1955ರಲ್ಲಿ ಬಂದರೂ ಅದರ ಸ್ಟೇನ್‌ಲೆಸ್ ರೂಪ ಬಂದದ್ದು 1980ರ ದಶಕದಲ್ಲಿ. ಹಾಗಿರುವಾಗ ನೀವು ನೋಡಿದ್ದು ನಿಕಲ್ ಲೇಪದ ರಿವಾಲ್ವರ್ ಅಲ್ಲದೆ ಇನ್ನೇನು?

ಇಸವಿಗಳು ಗೊತ್ತಿಲ್ಲದಿದ್ದರೆ ನಾನು ಸುಮ್ಮನೆ ತಿದ್ದಿ ಅಚ್ಚಿಗೆ ಕಳಿಸುತ್ತಿದ್ದೆ. ಆದರೆ ಅದರ ಮರುಸಾಲಿನಲ್ಲೇ ನೀವು ಬರೆದಿದ್ದೀರಿ: "ನಳಿಕೆಯ ತುದಿಯಲ್ಲಿ ಮಾತ್ರ ಸಣ್ಣ ಸಿಪ್ಪೆ ಎದ್ದು, ಒಳಗೆ ಕಪ್ಪು ಕಾಣುತ್ತಿತ್ತು." ಇಡೀ ಲೇಖನದ ಅತ್ಯುತ್ತಮ ಸಾಲು ಇದು! ಸ್ಟೇನ್‌ಲೆಸ್ ಸಿಪ್ಪೆ ಏಳುವುದಿಲ್ಲ, ಏಳಲು ಮೇಲೆ ಪದರವೇ ಇಲ್ಲ. ನಿಕಲ್ ಏಳುತ್ತದೆ, ಅದರಡಿಯ ಉಕ್ಕು ತುಕ್ಕು ಹಿಡಿದು ಕಪ್ಪಾಗುತ್ತದೆ. ಉತ್ತರ ನಿಮ್ಮ ಕಣ್ಣಿಗೇ ಬಿದ್ದಿತ್ತು, ಅದನ್ನು ಬರೆದೂ ಬಿಟ್ಟಿದ್ದಿರಿ, ಆದರೂ ನಂಬಲಿಲ್ಲ. ಹೊಳಪನ್ನೂ ಇನ್ನಷ್ಟು ಹೊತ್ತು ನೋಡಬೇಕಿತ್ತು. ನಿಕಲ್ಲಿನಲ್ಲಿ ತುಸು ಹಳದಿ ಛಾಯೆ ಇರುತ್ತದೆ, ಸ್ಟೇನ್‌ಲೆಸ್ ಬೂದುಬಣ್ಣಕ್ಕೆ ವಾಲುತ್ತದೆ. ಬಿಸಿಲಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾರಿಗಾದರೂ ಗೊತ್ತಾಗುತ್ತದೆ.

ಬರವಣಿಗೆ ಕಲಿಯುವ ಕಾಲಕ್ಕೆ ನಾನು ಮಡಿಕೇರಿಯಲ್ಲಿದ್ದೆ. ಪತ್ರಿಕೆಯ ಕೆಲಸ ಮುಗಿಸಿ ಸಂಜೆ ಕೋವಿ ರಿಪೇರಿ ಅಂಗಡಿಯೊಂದರಲ್ಲಿ ಕೂರುತ್ತಿದ್ದೆ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಹತ್ತಿರವಾದಂತೆ ಪೂಜೆಗೆ ಇಡಬೇಕೆಂದು ಸುತ್ತಲ ಊರುಗಳಿಂದ ತಾತಂದಿರ ಕಾಲದ ಜೋಡುನಳಿಗೆ ಕೋವಿಗಳು ಅಲ್ಲಿಗೆ ಬರುತ್ತಿದ್ದವು. ಅಂಗಡಿಯ ಹಿರಿಯರು ನಳಿಕೆಯ ಜಿಡ್ಡು ತೆಗೆದು, ಎರಡೂ ಬಾಯಿಗೆ ಮರದ ಬಿರಟೆ ಜಡಿದು, ಆಮ್ಲದ ದ್ರಾವಣ ಒರೆಸಿ, ಮಳೆಗಾಲದ ತೇವದಲ್ಲಿ ತೂಗುಹಾಕಿ ಬೇಕೆಂದೇ ತುಕ್ಕು ಹಿಡಿಸುತ್ತಿದ್ದರು. ಕೆಂಪು ತುಕ್ಕು ಕುದಿಯುವ ನೀರಿನಲ್ಲಿ ಕಪ್ಪಾಗುತ್ತಿತ್ತು. ಮೇಲಿನ ಪುಡಿಯನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ತೆಗೆದು ಮತ್ತೆ ಮೊದಲಿನಿಂದ. ಹೀಗೆ ಮಾಡುತ್ತಾ ಮಾಡುತ್ತಾ ಆಳವಾದ ಕರಿನೀಲಿ ಮೂಡುತ್ತಿತ್ತು. ಅದು ಬಳಿದ ಬಣ್ಣವಲ್ಲ, ಮ್ಯಾಗ್ನಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡ್ ಆಗಿ ಬದಲಾದ ಉಕ್ಕಿನದೇ ಮೈ. ಕ್ರೋಮಿಯಂ ಇರುವ ಸ್ಟೇನ್‌ಲೆಸ್ ಈ ವಿಧಾನಕ್ಕೆ ಬಗ್ಗುವುದಿಲ್ಲ.

ಯಾರಾದರೂ ಹಳೆಯ ಕೋವಿ ತಂದರೆ ಆ ಹಿರಿಯರು ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಕರೆಯುತ್ತಿದ್ದರು. "ಮೊದಲು ಸ್ಕ್ರೂ ತೂತು ನೋಡು, ಆಮೇಲೆ ಬಣ್ಣ ನೋಡು." ನನ್ನ ಪತ್ರಿಕೆಯ ಯಾವ ಹಿರಿಯರೂ ಇಷ್ಟು ಒಳ್ಳೆಯ ಪಾಠ ಹೇಳಿಕೊಡಲಿಲ್ಲ.

ಆದ್ದರಿಂದಲೇ ನಿಮ್ಮ ಮೂರನೇ ಸಾಲು ನನಗೆ ತಡೆಯಲಾಗದ್ದು: "ನೀಲಿ ಎಲ್ಲೆಡೆ ಒಂದೇ ಸಮ ಮಿರುಗುತ್ತಿದ್ದರೆ ಅದು ಮೂಲ ಫಿನಿಷ್ ಎಂಬುದು ಖಚಿತ." ಹಳೆಯ ರಿವಾಲ್ವರಿನಲ್ಲಿ ಅನುಮಾನ ಶುರುವಾಗಬೇಕಾದದ್ದೇ ಅಲ್ಲಿಂದ. ಒರೆಯೊಳಗೆ ಹೋಗಿಬಂದು ನಳಿಕೆಯ ತುದಿ, ಸಿಲಿಂಡರಿನ ಅಂಚು ಸವೆದಿರಬೇಕು; ಕೆಲವೆಡೆ ನೀಲಿ ಕಂದು ಬಣ್ಣಕ್ಕೆ ತಿರುಗಿರಬೇಕು. ಮತ್ತೆ ಬ್ಲೂಯಿಂಗ್ ಮಾಡಿಸಿದ್ದರೆ, ಅದಕ್ಕೂ ಮೊದಲು ಪಾಲಿಷ್ ಚಕ್ರಕ್ಕೆ ಹಿಡಿದಿರುತ್ತಾರೆ. ಆಗ ಚೂಪು ಅಂಚುಗಳು ದುಂಡಗಾಗುತ್ತವೆ, ಸ್ಕ್ರೂ ತೂತಿನ ಸುತ್ತ ತಟ್ಟೆಯಂತೆ ತಗ್ಗು ಬೀಳುತ್ತದೆ, ಕಂಪನಿಯ ಹೆಸರಿನ ಅಕ್ಷರಗಳು ಮಸುಕಾಗುತ್ತವೆ. ತುಕ್ಕು ತಿಂದ ಗುಳಿಗಳ ಮೇಲೂ ಹೊಸ ನೀಲಿ ಕೂತಿರುತ್ತದೆ. ಹ್ಯಾಮರ್, ಟ್ರಿಗರ್‌ಗಳಲ್ಲಿ ಕೇಸ್ ಹಾರ್ಡನಿಂಗ್‌ನ, ಅಂದರೆ ಉಕ್ಕಿನ ಮೇಲ್ಮೈಯನ್ನು ಗಡಸು ಮಾಡುವಾಗ ಮೂಡುವ, ಮೋಡಮೋಡದ ಬಣ್ಣ ಇರಬೇಕಾದ ಕಡೆ ಅವೂ ನೀಲಿಯಾಗಿದ್ದರೆ ಯಾರೋ ಬೇರ್ಪಡಿಸದೆ ಎಲ್ಲವನ್ನೂ ಒಟ್ಟಿಗೆ ಬ್ಲೂಯಿಂಗ್ ದ್ರಾವಣದಲ್ಲಿ ಅದ್ದಿರಬಹುದು. ಸಂಗ್ರಾಹಕರ ಲೆಕ್ಕದಲ್ಲಿ ಇಂಥದರ ಬೆಲೆ ಸವೆದ ಮೂಲ ನೀಲಿಗಿಂತ ಬಹಳ ಕಡಿಮೆ. ನಿಮ್ಮ ಸಾಲು ಓದುಗನ ಕೈಯಿಂದ ಇದಕ್ಕೇ ಹೆಚ್ಚು ಹಣ ಕೊಡಿಸುತ್ತದೆ.

ಮೂರನೇ ಪುಟವನ್ನು ಹೊಸದಾಗಿ ಬರೆಯಿರಿ. ಅಯಸ್ಕಾಂತ ಬೇಡ. ಸಿಪ್ಪೆ ಎದ್ದ ಆ ತುದಿಯಿಂದಲೇ ಶುರುಮಾಡಿ. ಆ ರಿವಾಲ್ವರಿನ ಹ್ಯಾಮರ್ ಮತ್ತು ಟ್ರಿಗರ್ ಯಾವ ಬಣ್ಣದಲ್ಲಿದ್ದವು ಎಂಬುದನ್ನು ಸೇರಿಸಿ. ಆ ಕಾಲದ ಸ್ಮಿತ್ ಅಂಡ್ ವೆಸನ್ ನಿಕಲ್ ರಿವಾಲ್ವರುಗಳಲ್ಲಿ ಕಾರ್ಖಾನೆ ಸಾಮಾನ್ಯವಾಗಿ ಅವಕ್ಕೆ ನಿಕಲ್ ಹಾಕುತ್ತಿರಲಿಲ್ಲ, ಹಾಕಿದ್ದರೆ ಅದೂ ಆಮೇಲಿನ ಕೆಲಸವಿರಬಹುದು. ನೆನಪಿಲ್ಲದಿದ್ದರೆ ಮುಂದಿನ ಷೋಗೆ ಭೂತಗನ್ನಡಿ ಹಿಡಿದು ಹೋಗಿ, ಅಂಥದೇ ಇನ್ನೊಂದನ್ನು ನೋಡಿ ಬಂದು ಬರೆಯಿರಿ. ಹತ್ತಿರದಿಂದ ತೆಗೆದ ಫೋಟೋ ಇದ್ದರೆ ಕಳಿಸಿ, ಜಾಗ ಕೊಡುತ್ತೇನೆ. ಉಳಿದ ಪುಟಗಳನ್ನು ನಾನು ಮುಟ್ಟುವುದಿಲ್ಲ.

ಇಂತಿ,
ಸಂಪಾದಕ